ಮೇ ತಿಂಗಳ ಮಂಜು

ನಾಗಪುರ
೧೯ ಮೇ ೨೦೨೪

ಪೂಜ್ಯ ಬಿಂದುಮಾಧವ ರಾಯರಿಗೆ ಶಂಕರಪ್ಪನ ಶರಣಾರ್ಥಿ.

ಫೋನ್ ಮಾಡಿದರೆ ನಿಮಗೆ ಕೇಳಿಸುವುದಿಲ್ಲವೆಂದು ಗೊತ್ತು. ಮೂವತ್ತಾರು ವರ್ಷ ಎಂಜಿನ್ನಿನ ಹಾರ್ನಿನ ಕೆಳಗೆ ಕೂತವರ ಕಿವಿ ಉಳಿದೀತು ಹೇಗೆ? ನನ್ನದೂ ಅದೇ ದಾರಿ ಹಿಡಿದಿದೆ. ಆದ್ದರಿಂದ ಕಾಗದ. ಗಾಡಿ ಓಡಿಸುವುದನ್ನು ನನಗೆ ಕಲಿಸಿದವರು ನೀವು. ಈ ಸುದ್ದಿಯನ್ನೂ ಮೊದಲು ನಿಮಗೇ ಹೇಳಬೇಕು ಅನ್ನಿಸಿತು.

ಮೊನ್ನೆ ಮಂಗಳವಾರ, ಹದಿನಾಲ್ಕನೇ ತಾರೀಖು, ನನ್ನ ಗಾಡಿಗೆ ಸಿಕ್ಕಿ ಒಬ್ಬ ಸತ್ತ. ಮಧ್ಯಾಹ್ನ ಒಂದೂ ನಲವತ್ತು. ಕೋರಾಡಿಯ ವಿದ್ಯುತ್ ಸ್ಥಾವರಕ್ಕೆ ಹೋಗುವ ಕಲ್ಲಿದ್ದಲು, ಐವತ್ತೆಂಟು ವ್ಯಾಗನ್. ನಲವತ್ತೈದು ಡಿಗ್ರಿ ಬಿಸಿಲು, ಕ್ಯಾಬಿನ್ನಿನ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತಿತ್ತು. ತಿರುವು ದಾಟಿದೊಡನೆ ಹಳಿಯ ಮೇಲೆ ರಿಪೇರಿ ಗ್ಯಾಂಗಿನವರು ಕಂಡರು. ಆರು ಜನ. ಪಕ್ಕದ ಹಳಿಯ ಮೇಲೆ ಅದೇ ಹೊತ್ತಿಗೆ ಒಂದು ಎಕ್ಸ್‌ಪ್ರೆಸ್ ಬೊಬ್ಬೆ ಹಾಕುತ್ತಾ ಬಂತು. ನಾನು ಹಾರ್ನಿನಿಂದ ಕೈ ತೆಗೆಯಲಿಲ್ಲ, ಎಮರ್ಜೆನ್ಸಿ ಬ್ರೇಕು ಎಳೆದೆ. ಐದು ಜನ ಜಿಗಿದರು. ಆರನೆಯವನು ನಮಗೆ ಬೆನ್ನು ಮಾಡಿ ಸುತ್ತಿಗೆಯಿಂದ ಹಳಿಯ ಕೀಲು ಬಡಿಯುತ್ತಿದ್ದ. ಎಕ್ಸ್‌ಪ್ರೆಸ್ಸಿನ ಸದ್ದಿನಲ್ಲಿ ನನ್ನ ಸದ್ದು ಅವನಿಗೆ ಬೇರೆಯಾಗಿ ಕೇಳಿಸಲಿಲ್ಲ. ಕೊನೆಗೆ ತಿರುಗಿದ. ಮುಖ ನೋಡಿದೆ.

ಗಜಾನನ ಉಯಿಕೆ ಅಂತ ಹೆಸರು. ನಲವತ್ತೊಂದು ವರ್ಷ.

ಗಾಡಿ ಬಂತೆಂದು ಸೀಟಿ ಊದಿ ಬಾವುಟ ಎತ್ತುವ ಲುಕೌಟ್‌ನವನು ಇರಬೇಕಾಗಿತ್ತು. ಇರಲಿಲ್ಲ. ಹನ್ನೆರಡು ಜನರ ಗ್ಯಾಂಗಿಗೆ ಆರೇ ಜನ. ಆರರಲ್ಲಿ ಒಬ್ಬನನ್ನು ಬಾವುಟ ಕೊಟ್ಟು ನಿಲ್ಲಿಸಿದರೆ ಹಳಿ ಎತ್ತುವವರು ಯಾರು?

ಕಂಟ್ರೋಲಿಗೆ ಫೋನ್ ಮಾಡಿದೆ. ಆ ಪುಣ್ಯಾತ್ಮ ಮೊದಲು ಕೇಳಿದ್ದು, "ಲೈನ್ ಕಬ್ ಖಾಲಿ ಹೋಗೀ?" ಹಳಿ ಯಾವಾಗ ಖಾಲಿಯಾಗುತ್ತದೆ ಅಂತ. ಸತ್ತವನು ಯಾರು ಎಂದು ಎರಡನೆಯ ಪ್ರಶ್ನೆಯೂ ಅಲ್ಲ, ಮೂರನೆಯದೂ ಅಲ್ಲ. ಬದಲಿ ಸಿಬ್ಬಂದಿ ಇಲ್ಲ, ನೀವೇ ಒಯ್ಯಿರಿ ಎಂದರು. ನನ್ನ ಅಸಿಸ್ಟೆಂಟ್ ಮೇಶ್ರಾಮ್, ಇಪ್ಪತ್ತಾರು ವರ್ಷದ ಹುಡುಗಿ, ಗ್ಯಾಂಗಿನವರ ಜೊತೆ ಸೇರಿ ಅವನನ್ನು ಹಳಿಯಿಂದ ಪಕ್ಕಕ್ಕೆ ಸರಿಸಿ ಬಂದಳು. ಇಪ್ಪತ್ತೈದು ನಿಮಿಷಕ್ಕೆ ಹೊರಟೆವು. ಅಲ್ಲಿಂದ ಮುಂದೆ ಹನ್ನೊಂದು ಸಿಗ್ನಲ್. ನಿಮಗೆ ನಿಯಮ ಹೇಳಬೇಕೇ, ಪ್ರತಿಯೊಂದಕ್ಕೂ ಅವಳು ಕೈ ಎತ್ತಿ ತೋರಿಸಿ ಕೂಗಬೇಕು, ನಾನು ಅದನ್ನೇ ತಿರುಗಿ ಕೂಗಬೇಕು. ಹಸಿರು ಕಂಡು ಅವಳು "ಹರಾ" ಎಂದು ಎತ್ತಿದ ಕೈ ತೊಳೆದ ಕೈಯಾಗಿರಲಿಲ್ಲ. ನಾನು "ಹರಾ" ಎಂದೆ. ಹನ್ನೊಂದು ಸಲ.

ಇಳಿದು ಹಾಜರಿ ಹಾಕಲು ಲಾಬಿಗೆ ಬಂದರೆ ಮೊದಲು ಬಾಯಿಗೆ ಊದುವ ಕೊಳವೆ. ಕುಡಿದಿದ್ದೀರಾ ಎಂದು ನಮ್ಮ ಕಚೇರಿ ಮೊದಲು ಕೇಳುತ್ತದೆ. ಕುಡಿಯಲು ನೀರು ಬೇಕೇ ಎಂದು ಕೊನೆಗೂ ಕೇಳುವುದಿಲ್ಲ. ಹೇಳಿಕೆ ಬರೆದುಕೊಟ್ಟು ಮನೆಗೆ ಬಂದೆ. ಆವತ್ತಿನಿಂದ ಡ್ಯೂಟಿ ಇಲ್ಲ. ಜೂನ್ ಮೂರಕ್ಕೆ ವಿಚಾರಣೆ.

ಅನಸೂಯ ತಟ್ಟೆ ಮುಂದಿಟ್ಟು, "ಒಂದ್ ತುತ್ತರ ಉಣ್ರಿ, ನೀವೇನ್ ಬೇಕಂತ ಮಾಡೀರೇನು?" ಅನ್ನುತ್ತಾಳೆ. ಬೇಕೆಂದು ಮಾಡಿಲ್ಲ, ರಾಯರೇ. ಆದರೆ ನನ್ನ ಕೈಯಿಂದಲೇ ಆಯಿತು. ನೀವು ಏನಾದರೂ ಬರೆಯಿರಿ.

ನಿಮ್ಮ
ಶಂಕರಪ್ಪ


ಕಲಬುರಗಿ
೨೮ ಮೇ ೨೦೨೪

ಚಿ. ಶಂಕರಪ್ಪನಿಗೆ ಆಶೀರ್ವಾದ.

ಕಾಗದ ಓದಿದೆ. ಗಾಡಿ ಓಡಿಸುವವನ ಕಾಗದವೋ, ಹೊಸದಾಗಿ ಗಂಡನ ಮನೆಗೆ ಹೋದವಳ ಕಾಗದವೋ ತಿಳಿಯಲಿಲ್ಲ. ನನ್ನ ಸರ್ವಿಸಿನಲ್ಲಿ ಒಂಬತ್ತು ಜನ ಹೋದರು. ಒಂಬತ್ತಕ್ಕೂ ತಟ್ಟೆ ಬಿಟ್ಟು ಎದ್ದಿದ್ದರೆ ನಾನು ಇವತ್ತು ಇರುತ್ತಿರಲಿಲ್ಲ. ಅವನು ಬೆನ್ನು ಮಾಡಿದ್ದ, ನೀನು ಹಾರ್ನು ಹೊಡೆದೆ. ಮುಗಿಯಿತು. ಮುಖ ನೋಡಬಾರದು ಎಂದು ಎಷ್ಟು ಸಲ ಹೇಳಿದ್ದೆ? ಬ್ರೇಕು ಎಳೆದ ಮೇಲೆ ಗಡಿಯಾರ ನೋಡಬೇಕು. ಹೇಳಿಕೆಯಲ್ಲಿ ಕೇಳುವುದು ಟೈಮು, ಮುಖವಲ್ಲ.

ವಿಚಾರಣೆಗೆ ಹೆದರಬೇಡ. ಆ ಮೇಜಿನ ಹಿಂದೆ ಕೂರುವವರಲ್ಲಿ ಒಬ್ಬನಾದರೂ ಸುಮ್ಮನೆ ನಿಂತಿರುವ ಎಂಜಿನ್ನನ್ನು ಹತ್ತು ಗಜ ಮುಂದೆ ತರಲಿ, ನಾನು ಮೀಸೆ ಬೋಳಿಸುತ್ತೇನೆ. ಹವಾನಿಯಂತ್ರಣದಲ್ಲಿ ಕೂತು ಸಮೋಸ ತಿಂದು, ನಿನ್ನ ಕೈ ಯಾವ ಸೆಕೆಂಡಿಗೆ ಎಲ್ಲಿತ್ತು ಎಂದು ಕೇಳುವ ಜನ ಅವರು. ಅವರಿಗೆ ಸತ್ಯ ಬೇಡ, ಕಾಗದ ಬೇಕು. ಕಾಗದ ಕೊಡು.

ಅಂದ ಹಾಗೆ ನಮೂನೆ ನೋಡಿಯೇ ಬರೆದಿದ್ದೀ ತಾನೇ? ನಿಮ್ಮ ಲಾಬಿಯ ಮೇಜಿನ ಗಾಜಿನ ಕೆಳಗೆ ಇರುತ್ತದಲ್ಲ, ಆ ನಮೂನೆ ಹೇಳಿಕೆ ಯಾರದು ಎಂದುಕೊಂಡಿದ್ದೀ? ನನ್ನದು! ೧೯೯೩ರ ಜನವರಿಯಲ್ಲಿ ಭೀಮಾ ನದಿಯ ಸೇತುವೆ ದಾಟಿದ ಮೇಲೆ ಒಬ್ಬ ಗ್ಯಾಂಗಿನವನು ಸಿಕ್ಕಾಗ ನಾನು ಕೊಟ್ಟ ಹೇಳಿಕೆ. ಆಗಿನ ದೊಡ್ಡ ಸಾಹೇಬರು ಓದಿ ಬೆನ್ನು ತಟ್ಟಿದರು. ನಾನು ಇನ್‌ಸ್ಪೆಕ್ಟರ್ ಆಗಿ ನಾಗಪುರಕ್ಕೆ ಬಂದಾಗ, ಡ್ರೈವರುಗಳು ಬಾಯಿಗೆ ಬಂದದ್ದು ಬರೆದು ಸಿಕ್ಕಿಬೀಳುತ್ತಿದ್ದರು. "ರಾವ್, ನಿಮ್ಮ ಹೇಳಿಕೆಯನ್ನೇ ಎಲ್ಲರಿಗೂ ಕೊಡಿ, ಹೀಗೇ ಬರೆಯಲಿ" ಎಂದು ಕಚೇರಿಯಿಂದಲೇ ಆಜ್ಞೆಯಾಯಿತು. ನಾನೇ ಹಿಂದಿಗೆ ಇಳಿಸಿ, ನಾನೇ ಗಾಜಿನ ಕೆಳಗೆ ಇಟ್ಟೆ. ಎಷ್ಟು ಮನೆಗಳ ಅನ್ನ ಉಳಿಸಿದೆಯೋ ಆ ಒಂದು ಹಾಳೆ. ಅದನ್ನು ನೋಡಿ ಬರೆದಿದ್ದರೆ ನಿನ್ನ ಕೂದಲೂ ಕೊಂಕುವುದಿಲ್ಲ.

ಬರುವ ತಿಂಗಳ ಕೊನೆಗೆ ಶಹಾಬಾದಿನಲ್ಲಿ ನಿವೃತ್ತರ ಸಂಘದವರು ನನ್ನನ್ನು ಸನ್ಮಾನಿಸುತ್ತಾರಂತೆ. ಸುರಕ್ಷತಾ ಪದಕ ಹಾಕಿಕೊಂಡೇ ಬರಬೇಕೆಂದು ಹೇಳಿದ್ದಾರೆ. ಪೆಟ್ಟಿಗೆಯಿಂದ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೇನೆ.

ಉಣ್ಣು. ನಿದ್ದೆ ಮಾಡು.

ಬಿಂದುಮಾಧವ


ನಾಗಪುರ
೬ ಜೂನ್ ೨೦೨೪

ಪೂಜ್ಯ ರಾಯರಿಗೆ ಶರಣಾರ್ಥಿ.

ಹೋದ ಕಾಗದದಲ್ಲಿ ಒಂದು ವಿಷಯ ಬಿಟ್ಟಿದ್ದೆ. ನಾಚಿಕೆಯಾಗಿ ಬಿಟ್ಟೆ. ಈಗ ನಾಚಿಕೆಗೂ ಜಾಗ ಉಳಿದಿಲ್ಲ.

ಹೌದು, ನಮೂನೆ ನೋಡಿಯೇ ಬರೆದೆ. ಆವತ್ತು ನನಗೆ ಏನು ಬರೆಯಬೇಕೆಂದೇ ತೋಚಲಿಲ್ಲ. ಲಾಬಿಯ ಬಾಬು ಗಾಜಿನ ಮೇಲೆ ಬೆರಳಿಂದ ಕುಟ್ಟಿ, "ಶಂಕರ್ ಭಾವು, ನಮೂನಾ ಆಹೆ ನಾ, ಉತರೂನ್ ಘ್ಯಾ, ಜಲ್ದಿ" ಎಂದ. ನಮೂನೆ ಇದೆಯಲ್ಲ, ನೋಡಿ ಇಳಿಸಿಕೊಳ್ಳಿ ಅಂತ. ಉತಾರ ಮಾಡಿದೆ. ಒಂದಕ್ಷರ ಬಿಡದೆ, ಬರೋಬರ್. "ಮೃತನು ಏಕಾಏಕಿ ಹಳಿಯ ಮೇಲೆ ಬಂದನು. ದಟ್ಟವಾದ ಮಂಜು ಕವಿದಿದ್ದುದರಿಂದ ಮುಂದಿನದು ಕಾಣಿಸಲಿಲ್ಲ. ಸತತವಾಗಿ ಹಾರ್ನ್ ಮಾಡಲಾಯಿತು."

ಮಂಜು, ರಾಯರೇ. ನಾಗಪುರದಲ್ಲಿ. ಮೇ ತಿಂಗಳ ಹದಿನಾಲ್ಕಕ್ಕೆ, ಮಧ್ಯಾಹ್ನ ಒಂದೂ ನಲವತ್ತಕ್ಕೆ.

ಮೂರನೇ ತಾರೀಖು ವಿಚಾರಣೆಯಲ್ಲಿ ಹಳಿಯ ವಿಭಾಗದ ಅಧಿಕಾರಿ ನನ್ನ ಹೇಳಿಕೆ ಎತ್ತಿಕೊಂಡು ಗಟ್ಟಿಯಾಗಿ ಓದಿದ. ಆ ಸಾಲಿಗೆ ಬಂದು ನಿಂತ. ಇನ್ನೊಮ್ಮೆ ಓದಿದ. "ಕೋಹರಾ? ಮೇ ಮೇಂ? ಅರೇ ಭಾಯಿ, ಶಿಮ್ಲಾ ಮೇಂ ಗಾಡಿ ಚಲಾ ರಹೇ ಥೇ ಕ್ಯಾ?" ಎಂದ. ಮೇ ತಿಂಗಳಲ್ಲಿ ಮಂಜೇ, ಶಿಮ್ಲಾದಲ್ಲಿ ಗಾಡಿ ಓಡಿಸುತ್ತಿದ್ದೆಯಾ ಅಂತ. ಮೇಜಿನ ಸುತ್ತ ಎಲ್ಲರೂ ನಕ್ಕರು. ಟೀ ತಂದವನೂ ನಕ್ಕ. ಒಬ್ಬ ಮನುಷ್ಯ ಸತ್ತದ್ದರ ವಿಚಾರಣೆ ಅದು.

ಆಮೇಲೆ ಲಾಬಿಯ ಹಳೆಯ ಕಡತ ನೋಡಿದೆ. ಹನ್ನೊಂದು ವರ್ಷದಲ್ಲಿ ಮೂವತ್ತೆಂಟು ಹೇಳಿಕೆ, ಮೂವತ್ತೆಂಟರಲ್ಲೂ ಮಂಜು. ಆಷಾಢದ ಮಳೆಯಲ್ಲೂ ಮಂಜು, ಹೋಳಿ ಹುಣ್ಣಿಮೆಗೂ ಮಂಜು. ಎಲ್ಲದರ ಮೇಲೂ ದೊಡ್ಡವರ ರುಜು, "ಒಪ್ಪಲಾಗಿದೆ" ಎಂಬ ಮುದ್ರೆ. ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಯಾಕೆಂದರೆ ಸತ್ತವರು ಭಿಕ್ಷುಕರು, ಹಳಿ ದಾಟುವ ಹೆಂಗಸರು, ಬದುಕು ಬೇಡವಾದವರು. ಅವರ ಪರವಾಗಿ ಯಾರೂ ಬಂದು ಓದುವುದಿಲ್ಲ. ಈ ಸಲ ಸತ್ತವನು ಇಲಾಖೆಯ ನೌಕರ, ಸಂಘದವರು ಗಲಾಟೆ ಮಾಡಿದರು. ತಪ್ಪು ಯಾರದಾದರೂ ಆಗಲೇಬೇಕಾಯಿತು. ಲುಕೌಟ್ ಇಲ್ಲದೆ ಗ್ಯಾಂಗನ್ನು ಹಳಿಗೆ ಕಳಿಸಿದವರು ಮೂವತ್ತೊಂಬತ್ತನೆಯ ಮಂಜನ್ನು ಓದಿದರು.

ಈಗ ಉಯಿಕೆಯದು ಅಜಾಗರೂಕತೆ, ನನ್ನದು ಸುಳ್ಳು ಹೇಳಿಕೆ. ಕೆಲಸದಿಂದ ತೆಗೆಯಬಾರದೇಕೆ ಎಂದು ನೋಟಿಸು ಕೊಟ್ಟಿದ್ದಾರೆ. ನಿವೃತ್ತಿಗೆ ನನಗೆ ನಾಲ್ಕು ವರ್ಷವಿದೆ. ಮನಸ್ಸಿನ ಪರೀಕ್ಷೆಗೂ ಕಳಿಸಿದರು. ಕೆಂಪು ದೀಪ ಹತ್ತಿದಾಗ ಗುಂಡಿ ಒತ್ತಬೇಕು. ಒತ್ತಿದೆ. ಅಲ್ಲಿಯ ಮೇಡಂ ಯೋಗ ಮಾಡಿ, ದೀರ್ಘವಾಗಿ ಉಸಿರಾಡಿ ಎಂದು ಚೀಟಿ ಕೊಟ್ಟರು. ಉಸಿರಾಡುವುದನ್ನು ನಿಲ್ಲಿಸಿದವನ ಹೆಂಡತಿಗೆ ಯಾವ ಚೀಟಿ ಕೊಟ್ಟರೋ ಗೊತ್ತಿಲ್ಲ.

ವಿಚಾರಣೆ ಮುಗಿಯುವ ತನಕ ಲಾಬಿಯಲ್ಲಿ ಕೂರಿಸಿದ್ದಾರೆ. ಜೆರಾಕ್ಸ್ ಯಂತ್ರದ ಮುಂದೆ. ನಿನ್ನೆ ಬಾಬು ತಂದುಕೊಟ್ಟದ್ದು ಏನು ಗೊತ್ತೇ? ಅದೇ ನಮೂನೆ. ಹಳೆಯ ಪ್ರತಿ ಮಾಸಿದೆ, ಐವತ್ತು ಪ್ರತಿ ತೆಗೆಯಬೇಕಂತೆ. ತೆಗೆದುಕೊಟ್ಟೆ.

ರಾಯರೇ, ನನ್ನನ್ನು ಉಳಿಸುವುದು ಒಂದೇ ಕಾಗದ. ಆ ನಮೂನೆಯನ್ನು ಕಚೇರಿಯ ಆಜ್ಞೆಯಂತೆ ಇಡಲಾಯಿತು, ಡ್ರೈವರುಗಳು ಅದನ್ನೇ ಬರೆಯಬೇಕೆಂದು ಹೇಳಲಾಗಿತ್ತು ಎಂದು ನೀವು ನಾಲ್ಕು ಸಾಲು ಬರೆದು ರುಜು ಮಾಡಿ ಕಳಿಸಿ. ನನಗೆ ಬರೆದದ್ದನ್ನೇ ಅವರಿಗೂ ಬರೆದರೆ ಸಾಕು.

ನಿಮ್ಮ ದಾರಿ ಕಾಯುವ
ಶಂಕರಪ್ಪ


ಕಲಬುರಗಿ
೯ ಜುಲೈ ೨೦೨೪

ಶಂಕರಪ್ಪನಿಗೆ.

ನಿನ್ನ ಕಾಗದ ತಡವಾಗಿ ಕೈಸೇರಿತು. ಸನ್ಮಾನದ ಓಡಾಟವೂ ಇತ್ತು. ಶಾಲು, ಹಣ್ಣು, ಫೋಟೋ ಎಲ್ಲಾ ಆಯಿತು. ಎರಡು ನೂರು ಜನ ಸೇರಿದ್ದರು.

ನೀನು ಕೇಳಿದ ವಿಷಯ. ನಮೂನೆ ಯಾರು ಇಟ್ಟರು, ಯಾರು ಆಜ್ಞೆ ಮಾಡಿದರು ಎಂಬುದು ಇಪ್ಪತ್ತು ವರ್ಷದ ಹಿಂದಿನ ಮಾತು. ನನಗೆ ಎಪ್ಪತ್ತಾರು. ನೆನಪು ಮೊದಲಿನಂತಿಲ್ಲ. ಉತ್ಸಾಹದಲ್ಲಿ ನಿನಗೇನೋ ಬರೆದಿರಬಹುದು, ಅದನ್ನು ಹಿಡಿದು ಜಗ್ಗಬೇಡ. ಆಜ್ಞೆ ಕೊಟ್ಟ ಸಾಹೇಬರು ಈಗ ಬಹಳ ಮೇಲಿದ್ದಾರೆ.

ಮತ್ತೆ ನಮೂನೆ ಅಂದರೆ ನಮೂನೆ. ತಾರೀಖು ಬದಲಿಸಿ ಬರೆಯುವವನು ಹವೆಯನ್ನೂ ಬದಲಿಸಿ ಬರೆಯಬೇಡವೇ? ಕಣ್ಣು ತೆರೆದುಕೊಂಡು ಉತಾರ ಮಾಡಲಾರದವನು ಗಾಡಿ ಓಡಿಸಿದರೆ ಇನ್ನೇನಾದೀತು? ಇದನ್ನು ನಾನು ಹೇಳುತ್ತಿರುವುದಲ್ಲ, ವಿಚಾರಣೆಯಲ್ಲಿ ಅವರು ಹೇಳುತ್ತಾರೆ, ತಯಾರಾಗಿರು.

ನನ್ನ ಮೇ ತಿಂಗಳ ಕಾಗದವನ್ನು ಹರಿದುಹಾಕು. ಹರಿದೆ ಎಂದು ಒಂದು ಸಾಲು ಬರೆ.

ಬಿ. ಮಾ. ರಾವ್
ನಿವೃತ್ತ ಇನ್‌ಸ್ಪೆಕ್ಟರ್, ಸುರಕ್ಷತಾ ಪದಕ ವಿಜೇತ


ನಾಗಪುರ
೧೭ ಜುಲೈ ೨೦೨೪

ಶ್ರೀ ಬಿಂದುಮಾಧವ ರಾಯರಿಗೆ.

ಹರಿದಿಲ್ಲ. ಈ ಲಕೋಟೆಯಲ್ಲೇ ಇಟ್ಟಿದ್ದೇನೆ, ನಿಮ್ಮ ಸೊತ್ತು ನಿಮಗೆ. ದಿನವಿಡೀ ಜೆರಾಕ್ಸ್ ಯಂತ್ರದ ಮುಂದೆಯೇ ಕೂರುತ್ತೇನೆ, ಆದರೂ ಇದರ ಪ್ರತಿ ತೆಗೆದುಕೊಂಡಿಲ್ಲ. ಬೇಕಾದರೆ ನಂಬಿ. ನಂಬದಿದ್ದರೆ ಪದಕ ಮುಟ್ಟಿ ನೋಡಿಕೊಳ್ಳುತ್ತಾ ಕೂತಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ.

ಅನಸೂಯ ನಿಮ್ಮ ಕಾಗದ ಓದಿ, "ರಾಯರು ಹಿಂಗ ಬರೀತಾರಂತ ಅಂದ್ಕೊಂಡಿದ್ದಿಲ್ಲ, ಆ ಕಾಗದ ಒಯ್ದು ಸಾಹೇಬರ ಟೇಬಲ್ ಮ್ಯಾಲ ಒಗೀರಿ" ಎಂದಳು. ಸಿಟ್ಟು ನನಗೂ ಬಂತು. ಮೇಲಿನವರನ್ನು ಕಂಡರೆ ನನಗೆ ಹೇಸಿಗೆ, ಅದು ಹಳೆಯದು. ನಿಮ್ಮನ್ನು ಕಂಡು ಹೇಸಿಗೆಯಾದದ್ದು ಇದೇ ಮೊದಲು. ಆದರೆ ಆ ಕಾಗದ ನೀವು ನನ್ನನ್ನು ನಂಬಿ ಬರೆದದ್ದು. ನಂಬಿ ಕೊಟ್ಟದ್ದನ್ನು ಕಸಿದುಕೊಂಡ ಹಾಗೆ ಬಳಸಿದರೆ ನನಗೂ ಆ ಮೇಜಿನ ಹಿಂದಿನವರಿಗೂ ಏನು ವ್ಯತ್ಯಾಸ?

ಇನ್ನೊಂದು ಮಾತು. ಹೋದ ಭಾನುವಾರ ಮೇಶ್ರಾಮ್ ಜೊತೆ ಉಯಿಕೆಯ ಮನೆಗೆ ಹೋಗಿದ್ದೆ. ಗ್ಯಾಂಗಿನವರ ಕ್ವಾರ್ಟರ್ಸು, ಎರಡು ಕೋಣೆ. ಹೆಂಡತಿ ಶೇವಂತಾಬಾಯಿ. ನಾನು ಯಾರೆಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಪೆ ಹಾಸಿ ಕೂರಿಸಿ ಒಂದೇ ಮಾತು ಕೇಳಿದಳು. "ಭಾವು, ತ್ಯಾ ದಿವಶೀ ಮೀ ಅಂಗಣಾತ್ ಮಿರ್ಚ್ಯಾ ವಾಳತ್ ಘಾತಲ್ಯಾ ಹೋತ್ಯಾ. ಮಗ ಧುಕಂ ಕುಠೂನ್ ಆಲಂ?" ಆವತ್ತು ನಾನು ಅಂಗಳದಲ್ಲಿ ಮೆಣಸಿನಕಾಯಿ ಒಣಗಲು ಹಾಕಿದ್ದೆ, ಮಂಜು ಎಲ್ಲಿಂದ ಬಂತು? ಕಚೇರಿಯವರು ಅವಳಿಗೆ ಹಾಗೇ ಓದಿ ಹೇಳಿದ್ದಾರೆ: ಮಂಜಿತ್ತು, ಡ್ರೈವರನೇ ಬರೆದಿದ್ದಾನೆ, ನಿನ್ನ ಗಂಡ ಮಂಜಿನಲ್ಲಿ ಹುಷಾರಾಗಿ ಇರಬೇಕಾಗಿತ್ತು.

ಮೇಶ್ರಾಮ್ ನನ್ನ ಕಡೆ ನೋಡಲಿಲ್ಲ. ನೆಲ ನೋಡಿದಳು.

ಇಷ್ಟು ದಿನ ನಾನು ಈ ಮಂಜಿನಿಂದ ನನ್ನನ್ನು ಹೇಗೆ ಬಿಡಿಸಿಕೊಳ್ಳಲಿ ಎಂದು ನೋಡುತ್ತಿದ್ದೆ. ಅದನ್ನು ನಾನು ಆ ಹೆಂಗಸಿನ ಅಂಗಳದ ಮೇಲೆ ಕವಿಸಿದ್ದೇನೆ ಎಂದು ಹೊಳೆದಿರಲಿಲ್ಲ. ನಿಮಗೂ ಎಂದೂ ಹೊಳೆದಿಲ್ಲವೇ?

ಹಳೆಯ ಹೇಳಿಕೆಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ಹೊಸದು ಬರೆಯುತ್ತೇನೆ, ನೋಡಿದ್ದನ್ನು. ಸುಳ್ಳು ಬರೆದಿದ್ದೆ ಎಂದು ನಾನೇ ಒಪ್ಪಿದಂತಾಗುತ್ತದೆ, ಕೆಲಸ ಹೋದರೂ ಹೋದೀತು ಎಂದು ಸಂಘದವರು ಹೇಳುತ್ತಾರೆ. ಹೋಗಲಿ. ನಿಮಗೆ ಇನ್ನು ಕಾಗದ ಬರೆದು ತೊಂದರೆ ಕೊಡುವುದಿಲ್ಲ.

ಶಂಕರಪ್ಪ


ಕಲಬುರಗಿ
೨ ಸೆಪ್ಟೆಂಬರ್ ೨೦೨೪

ಚಿ. ಶಂಕರಪ್ಪನಿಗೆ.

ನೀನು ಬರೆಯುವುದಿಲ್ಲ ಎಂದೆ, ಬರೆಯಲಿಲ್ಲ. ಹಠದಲ್ಲಿ ನನ್ನ ಶಿಷ್ಯನೇ.

ನಿನ್ನ ಲಕೋಟೆ ಬಂದ ದಿನ ನನ್ನ ಕಾಗದವನ್ನು ಹರಿಯಲೆಂದು ಕೈಗೆತ್ತಿಕೊಂಡೆ. ಅದಕ್ಕೂ ಮುಂಚೆ ಒಮ್ಮೆ ಓದೋಣ ಎಂದು ಓದಿದೆ. ಎಂಥ ಜಂಭದ ಮುದುಕನಪ್ಪಾ ಇವನು ಅನ್ನಿಸಿತು. ನಾನು ಯಾವಾಗಲೂ ಕಂಡು ನಗುತ್ತಿದ್ದ ಸಾಹೇಬರುಗಳ ಸಾಲಿನಲ್ಲಿ ಇವನಿಗೂ ಒಂದು ಕುರ್ಚಿ ಹಾಕಬಹುದು.

ನನಗೂ ಹೊಳೆದಿಲ್ಲವೇ ಎಂದು ಕೇಳಿದ್ದೀ. ಹೊಳೆದಿತ್ತು. ಅದನ್ನೇ ಬರೆಯಲು ಒಂದೂವರೆ ತಿಂಗಳು ಬೇಕಾಯಿತು.

ಆವತ್ತೂ ಮಂಜು ಇರಲಿಲ್ಲ, ಶಂಕರಪ್ಪ. ಸಂಕ್ರಾಂತಿಯ ಮರುದಿನ. ಬೆಳಗಿನ ಎಂಟು ಗಂಟೆ, ಬಿಸಿಲು ಬಿದ್ದಿತ್ತು. ನದಿಯಲ್ಲಿ ಬಟ್ಟೆ ಒಗೆಯುವವರು ಕೂಡ ಕಾಣುತ್ತಿದ್ದರು. ನಾನು ಡ್ಯೂಟಿ ಹತ್ತಿ ಹದಿನೆಂಟು ಗಂಟೆಯಾಗಿತ್ತು. ಬದಲಿ ಕೊಡಿ ಎಂದು ಎರಡು ಸ್ಟೇಷನ್ನಿನಲ್ಲಿ ಕೇಳಿದ್ದೆ, ಕೊಡಲಿಲ್ಲ. ಸೇತುವೆಯ ಮೇಲೆ ನನ್ನ ಕಣ್ಣು ಮುಚ್ಚಿತು. ತೆರೆದಾಗ ಅವನು ಎದುರಿಗಿದ್ದ. ಹಾರ್ನು ಹೊಡೆಯಲಿಲ್ಲ. ಹೊಡೆಯಲು ಹೊತ್ತೇ ಇರಲಿಲ್ಲ.

ಸಾಹೇಬರು ಕೋಣೆಗೆ ಕರೆದು ಬಾಗಿಲು ಹಾಕಿದರು. "ರಾವ್, ನೀ ಹದಿನೆಂಟ್ ತಾಸು ಅಂತ ಬರದ್ರ ನನ್ನ ನೌಕ್ರಿ ಹೋಗ್ತದ, ನಿದ್ದಿ ಅಂತ ಬರದ್ರ ನಿಂದು ಹೋಗ್ತದ. ಮಂಜು ಅಂತ ಬರಿ, ಯಾರ್ದೂ ಹೋಗೂದಿಲ್ಲ" ಅಂದರು. ಬರೆದೆ. ಯಾರದೂ ಹೋಗಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ಸಮಯಪ್ರಜ್ಞೆಗೆಂದು ಪದಕ ಕೊಟ್ಟರು. ನಿದ್ದೆ ಹೋದವನಿಗೆ ಸಮಯಪ್ರಜ್ಞೆಯ ಪದಕ! ಅದನ್ನು ಮೂವತ್ತು ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಆಮೇಲೆ ಆ ಹಾಳೆಯನ್ನು ನಿಮ್ಮೆಲ್ಲರಿಗೂ ಹಂಚಿದ್ದು ನಿಮ್ಮನ್ನು ಉಳಿಸಲೆಂದು ಹೇಳಿಕೊಳ್ಳುತ್ತಿದ್ದೆ. ಎಲ್ಲರೂ ಬರೆದರೆ ನನ್ನದೊಂದು ಸುಳ್ಳಾಗಿ ಉಳಿಯುವುದಿಲ್ಲ ಎಂಬ ಆಸೆ ಅದು. ಇದಕ್ಕಿಂತ ಹೇಡಿತನ ಇನ್ನೊಂದಿಲ್ಲ.

ಇಷ್ಟನ್ನೂ ತಾರೀಖು ಹಾಕಿ, ರುಜು ಮಾಡಿ, ನಿಮ್ಮ ವಿಚಾರಣಾಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಮೊನ್ನೆಯೇ ಕಳಿಸಿದ್ದೇನೆ. ನೀನು ವಾಪಸು ಮಾಡಿದ ಮೇ ತಿಂಗಳ ಕಾಗದವನ್ನೂ ಅದರ ಜೊತೆಗೆ ಲಗತ್ತಿಸಿದ್ದೇನೆ. ಏನು ಬೇಕಾದರೂ ಮಾಡಿಕೊಳ್ಳಲಿ. ಸಂಘದವರ ಶಾಲು ವಾಪಸು ಕೇಳಿದರೆ ಕೊಟ್ಟುಬಿಡುತ್ತೇನೆ, ಹೇಗೂ ಚುಚ್ಚುತ್ತದೆ.

ನಮೂನೆಯಲ್ಲಿ "ಮೃತನು" ಎಂದಿದೆಯಲ್ಲ. ನಾನು ಮುಖ ನೋಡಿರಲಿಲ್ಲ, ನಿಜ. ಆದರೆ ಹೆಸರು ಕೇಳಿದ್ದೆ. ಹಿಂದಿಗೆ ಇಳಿಸುವಾಗ ಅದನ್ನು ಅಳಿಸಿದವನು ನಾನೇ. ಭೀಮಶಾ ಅಂತ.

ಅನಸೂಯಳಿಗೆ ನನ್ನ ಮೇಲಿನ ಸಿಟ್ಟು ಇಳಿದಿರಲಿಕ್ಕಿಲ್ಲ. ಇಳಿಯುವುದೂ ಬೇಡ.

ಬಿಂದುಮಾಧವ


ನಾಗಪುರ
೨೪ ನವೆಂಬರ್ ೨೦೨೪

ಪೂಜ್ಯ ರಾಯರಿಗೆ ಶಂಕರಪ್ಪನ ಶರಣಾರ್ಥಿ.

ಬರೆಯುವುದಿಲ್ಲ ಎಂದವನೇ ಬರೆಯುತ್ತಿದ್ದೇನೆ. ನಿಮ್ಮ ಕಾಗದ ಬಂದ ದಿನ ಅನಸೂಯ ಎರಡು ಸಲ ಓದಿದಳು. "ಮುದುಕ್ರು ಒಬ್ರ ಅದಾರ, ಚಳಿಗಾಲಕ್ಕ ಒಂದ್ ಡಬ್ಬಿ ಉಂಡಿ ಮಾಡಿ ಕಳಸೂಣು" ಎಂದಳು. ಕಳಿಸಿದ್ದೇವೆ. ಹಲ್ಲಿಗೆ ಗಟ್ಟಿಯಾದರೆ ಹಾಲಿನಲ್ಲಿ ನೆನೆಸಿ ತಿನ್ನಿ.

ವಿಚಾರಣೆ ಮುಗಿಯಿತು. ನಿಮ್ಮ ಹೇಳಿಕೆಯನ್ನು ಪೂರ್ತಿ ಓದಿದರು. ಈ ಸಲ ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಮನಸ್ಸು ಕರಗಿತೇನೋ ಎಂದುಕೊಂಡೆ. "ಬಹುತ್ ಗಂಭೀರ್ ಮಾಮ್ಲಾ ಹೈ" ಎಂದು ಕಡತಕ್ಕೆ ಸೇರಿಸಿದರು. ನಿಮ್ಮ ಮೇಲೆ ಕ್ರಮವಿಲ್ಲ, ಸಾಹೇಬರ ಮೇಲೂ ಇಲ್ಲ, ಬಹಳ ಹಳೆಯದಂತೆ. ನನ್ನ ಹೊಸ ಹೇಳಿಕೆಯನ್ನೂ ತೆಗೆದುಕೊಂಡರು. ತೀರ್ಪು: ಉಯಿಕೆಯದು ಅಜಾಗರೂಕತೆ, ನನಗೆ ಎರಡು ಇನ್‌ಕ್ರಿಮೆಂಟ್ ಕಡಿತ. ಲುಕೌಟ್ ಬಗ್ಗೆ ಒಂದು ಸಾಲಿದೆ: "ಮುಂದೆ ಸಾಧ್ಯವಾದಷ್ಟು ಗಮನ ಹರಿಸುವುದು." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಇಲಾಖೆಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ನೀವೂ ನಿರೀಕ್ಷಿಸಿರಲಾರಿರಿ.

ಕೆಲಸ ಹೋಗಲಿಲ್ಲ. ನಾನು ನಿರ್ದೋಷಿ ಎಂದಲ್ಲ, ಡ್ರೈವರುಗಳ ಕೊರತೆ ಇದೆ ಎಂದು. ನವೆಂಬರ್ ಹನ್ನೊಂದರಿಂದ ಗಾಡಿಗೆ ಹತ್ತಿಸಿದರು.

ನಮೂನೆ ಏನಾಯಿತು ಎಂದು ತಿಳಿಯುವ ಕುತೂಹಲ ನಿಮಗಿರುತ್ತದೆ. ಅದನ್ನು ರದ್ದುಮಾಡಿದರು. ಅದರ ಜಾಗಕ್ಕೆ ಹೊಸ ನಮೂನೆ ಬಂದಿದೆ. ಅದೇ ಗಾಜಿನ ಕೆಳಗೆ. "ದಟ್ಟವಾದ ಮಂಜು" ಎಂದಿದ್ದಲ್ಲಿ ಈಗ "ಮಂಜು / ಮಳೆ / ಬಿಸಿಲ ಝಳ" ಎಂದು ಮುದ್ರಿಸಿದ್ದಾರೆ. ಕೆಳಗೆ ಸೂಚನೆ: ಅನ್ವಯಿಸದ್ದನ್ನು ಹೊಡೆದುಹಾಕಿ. ನಿಮ್ಮ ಮೂವತ್ತೊಂದು ವರ್ಷದ ಸುಳ್ಳನ್ನು ನೀವು ಒಪ್ಪಿಕೊಂಡಿರಿ, ಅವರು ಅದಕ್ಕೆ ಮೂರು ಋತು ಕೊಟ್ಟರು. ನನಗೆ ಉಗುಳಬೇಕು ಅನ್ನಿಸಿತು. ಗಾಜು ಒರೆಸುವವಳು ಇನ್ನೊಬ್ಬ ಬಡವಿ ಎಂದು ಉಗುಳಲಿಲ್ಲ.

ಹೊಸ ನಮೂನೆ ನೋಡಿ ಯಾರೂ ಉತಾರ ಮಾಡುತ್ತಿಲ್ಲ ಅನ್ನುವ ಹಾಗಿಲ್ಲ, ಮಾಡುತ್ತಾರೆ. ಆದರೆ ನಿಮ್ಮ ಹೇಳಿಕೆಯ ಸುದ್ದಿ ಲಾಬಿಯಲ್ಲಿ ಹರಡಿದೆ. ಹೋದ ವಾರ ಒಬ್ಬ ಹೊಸ ಹುಡುಗನ ಗಾಡಿಗೆ ಒಬ್ಬ ಮುದುಕ ಸಿಕ್ಕ. ಹುಡುಗ ಗಾಜಿನ ಕಡೆ ನೋಡಲೇ ಇಲ್ಲ. ಬಿಳಿ ಹಾಳೆ ಕೇಳಿದ. ಬಾಬು ಗೊಣಗುತ್ತಾ ಕೊಟ್ಟ.

ಈಗ ಮುಖ್ಯವಾದದ್ದು. ಮೊನ್ನೆ ಗುರುವಾರ ಮೇಶ್ರಾಮ್ ಮತ್ತು ನಾನು ಮತ್ತೆ ಕೋರಾಡಿ ಗಾಡಿ ಹಿಡಿದೆವು. ಅದೇ ದಾರಿ, ಅದೇ ತಿರುವು. ತಿರುವಿಗೆ ಮೊದಲೇ ನನ್ನ ಕೈ ಹಾರ್ನಿನ ಮೇಲಿತ್ತು. ದಾಟಿದರೆ ಗ್ಯಾಂಗಿನವರು. ಹಳೆಯ ಐವರು, ಬೇರೆ ಗ್ಯಾಂಗಿನಿಂದ ಬಂದ ಒಬ್ಬ, ಆರು ಜನ ಆಗಲೇ ಹಳಿಯಿಂದ ಆಚೆ ಸರಿದು ನಿಂತಿದ್ದರು. ಅವರಿಗಿಂತ ಈಚೆ, ನಮ್ಮ ಕಡೆಗೆ, ಏಳನೆಯವರು ಒಬ್ಬರು ಕಿತ್ತಳೆ ಅಂಗಿ ಹಾಕಿ, ಕೊರಳಿಗೆ ಸೀಟಿ ಕಟ್ಟಿ, ಬಾವುಟ ಹಿಡಿದು ನಿಂತಿದ್ದರು. ಅಂಗಿಯ ಕೆಳಗೆ ಸೀರೆ.

ಶೇವಂತಾಬಾಯಿ. ಗಂಡನ ಕೆಲಸ ಹೆಂಡತಿಗೆ ಕೊಟ್ಟಿದ್ದಾರೆ, ಅದೇ ಗ್ಯಾಂಗಿನಲ್ಲಿ. ಹೊಸಬಳು, ಇನ್ನೂ ಹಳಿ ಎತ್ತಲು ಬರುವುದಿಲ್ಲ, ಅದಕ್ಕೆ ಬಾವುಟ ಕೊಟ್ಟು ನಿಲ್ಲಿಸಿದ್ದಾರೆ. ಅವಳಿಗೆ ಹಳಿ ಎತ್ತಲು ಬಂದ ದಿನ ಆ ಬಾವುಟ ಮತ್ತೆ ಪೆಟ್ಟಿಗೆಗೆ ಹೋಗುತ್ತದೆ. ಗಂಡ ಸತ್ತ ಜಾಗಕ್ಕೆ ಹೆಂಡತಿಯನ್ನು ಕಾವಲು ನಿಲ್ಲಿಸಿದ ಕಚೇರಿಗೆ ನಾಚಿಕೆಯಿಲ್ಲ, ಗೊತ್ತು. ಅವಳು ನಮ್ಮ ಕಡೆ ನೋಡಲಿಲ್ಲ. ತಿರುಗಿ ಗ್ಯಾಂಗಿನವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದಳು, ಆರು. ಆಮೇಲೆ ಬಾವುಟ ಎತ್ತಿದಳು.

ಅಲ್ಲಿ ಸಿಗ್ನಲ್ ಇಲ್ಲ, ರಾಯರೇ. ಕೂಗಬೇಕೆಂಬ ನಿಯಮವೂ ಇಲ್ಲ. ಆದರೂ ಮೇಶ್ರಾಮ್ ಕೈ ಎತ್ತಿ ತೋರಿಸಿ ಕೂಗಿದಳು, "ಲುಕೌಟ್ ಹೈ!"

"ಲುಕೌಟ್ ಹೈ" ಎಂದು ನಾನೂ ತಿರುಗಿ ಕೂಗಿದೆ.

ನಿಮ್ಮ
ಶಂಕರಪ್ಪ